ರಂಗೂನಿನ ಹುಳಿಬಾಡು

ಹೊಳೆನರಸೀಪುರ

ಆಗ ನನಗೆ ಇಪ್ಪತ್ತೇಳು ಇರಬೇಕು. ಅದಾಗಿ ಈಗ ಐವತ್ತು ವರ್ಷದ ಮೇಲಾಯಿತು. ದೊಡ್ಡ ಯುದ್ಧಕ್ಕೆ ಮುಂಚಿನ ಮಾತು. ಸಮುದ್ರ ದಾಟಿ ಬಂದ ಹೆಂಗಸು ನಮ್ಮ ಕಡೆ ನಾನೊಬ್ಬಳೇ ಅಂತ ಜನ ಹೇಳುತ್ತಿದ್ದರು. ಅದು ಸುಳ್ಳು. ನನಗಿಂತ ಮುಂಚೆ ನನ್ನ ತಂಗಿ ಚೆಲುವಿ ದಾಟಿದ್ದಳು. ಅವಳು ಹೋಗಿದ್ದಕ್ಕೇ ನಾನೂ ಹೋಗಬೇಕಾಗಿ ಬಂತು.

ಚೆಲುವಿಯ ಗಂಡ ಬೋರೇಗೌಡ. ಹೊಳೆನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ಇಂಜಿನ್ನಿನ ಕೆಲಸ ಕಲಿತವನು. ಅವನ ಕೈಕೆಲಸ ನೋಡಿ ಮದರಾಸಿನ ಮೇಸ್ತ್ರಿಯೊಬ್ಬ ರಂಗೂನಿಗೆ ಕರೆದುಕೊಂಡು ಹೋದ. ಅಲ್ಲಿ ಹೊಳೆ ದಡದ ಉದ್ದಕ್ಕೂ ಅಕ್ಕಿ ಗಿರಣಿಗಳಂತೆ. ಬೋರೇಗೌಡ ಒಂದು ಸಲ ಊರಿಗೆ ಬಂದು ಚೆಲುವಿಯನ್ನು ಮದುವೆಯಾಗಿ ಕರೆದುಕೊಂಡು ಹೊರಟುಹೋದ. ಆಮೇಲೆ ಎರಡು ವರ್ಷ ಅವಳ ಸುದ್ದಿ ಅಷ್ಟಕ್ಕಷ್ಟೆ.

ಅರಕಲಗೂಡಿನ ಕಡೆಯ ಒಬ್ಬಾತ ರಂಗೂನಿನಿಂದ ವಾಪಸು ಬಂದವನು ನಮ್ಮ ತವರಿಗೆ ಬಂದು ಸುದ್ದಿ ಹೇಳಿದ. ಚೆಲುವಿ ಒಣಗಿ ಗಳುವಾಗಿದ್ದಾಳೆ, ಕ್ಷಯ ಇರಬೇಕು ಅನ್ನುತ್ತಾರೆ, ಕ್ಷಯದವರನ್ನು ಗಿರಣಿಯ ಸಾಲುಮನೆಯಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ, ಆದ್ದರಿಂದ ಬಂದು ಕರೆದುಕೊಂಡು ಹೋಗಿ ಅಂತ ಬೋರೇಗೌಡ ಹೇಳಿ ಕಳಿಸಿದ್ದಾನೆ. ಇಷ್ಟು ಹೇಳಿ ಅವನು ಮಜ್ಜಿಗೆ ಕುಡಿದು ಹೋದ.

ನಮ್ಮವ್ವ ಅವತ್ತೇ ಮೂಲೆಯ ಕೋಣೆ ಗುಡಿಸಿ ಸಾರಿಸಿದಳು. ನನಗೆ ಅದು ಸರಿಬರಲಿಲ್ಲ. ಗಂಡ ಕರೆದುಕೊಂಡು ಹೋಗಿ ಅಂತ ಹೇಳಿದ ಹೆಣ್ಣು ಒಂದು ಸಲ ತವರಿನ ಹೊಸಿಲು ದಾಟಿದರೆ ಅವಳನ್ನು ಮತ್ತೆ ಕರೆಯಲು ಯಾರೂ ಬರುವುದಿಲ್ಲ. ಅವನು ಬೇರೆ ಕಟ್ಟಿಕೊಳ್ಳುತ್ತಾನೆ. ಇವಳು ಅಣ್ಣಂದಿರ ಮನೆಯಲ್ಲಿ ಸಗಣಿ ಬಾಚಿಕೊಂಡು ಮುದುಕಿಯಾಗುತ್ತಾಳೆ. ನಮ್ಮ ಬೀದಿಯಲ್ಲೇ ಅಂಥವರು ಇದ್ದರು.

"ಕರಕೊಂಡು ಬರೋದು ಆಮೇಲೆ. ಮೊದ್ಲು ಏನಾಗದೆ ಅಂತ ನೋಡ್ಬೇಕು" ಅಂದೆ.

"ನೋಡೋಕೇನದೆ? ಜೀವ ಇದ್ರೆ ಸಾಕು, ಕರಕೊಂಡು ಬಾ" ಅಂದಳು ಅವ್ವ.

ನಮ್ಮ ಯಜಮಾನರು ಹೇಮಾವತಿ ತುಂಬಿದಾಗ ಹರಿಗೋಲು ಹತ್ತಲೂ ಹೆದರುವ ಗಂಡಸು. ಕಡಲಿನ ಮಾತು ಎತ್ತಿದೊಡನೆ ದನಕ್ಕೆ ನೀರು ತೋರಿಸಲು ಎದ್ದುಹೋದರು. ಅಣ್ಣಂದಿರು ಬಿತ್ತನೆ ಬಿಟ್ಟು ಬರಲಾಗದು ಅಂದರು. ಕೊನೆಗೆ ನನ್ನ ಜೊತೆಗೆ ಹೊರಟವನು ಅವ್ವನ ತಮ್ಮ ನಂಜಪ್ಪ ಮಾವ. ಅವನು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರದವನು. ಕಾಯಿ ಸಾಗಿಸಿಕೊಂಡು ಮದರಾಸು ನೋಡಿದ್ದ, ಅರವ ಮಾತಾಡುತ್ತಿದ್ದ. ಹೆಗಲ ಮೇಲೆ ಜರಿ ಅಂಚಿನ ಅಂಗವಸ್ತ್ರ ಹಾಕದೆ ಹಿತ್ತಲಿಗೂ ಹೋಗದ ಮನುಷ್ಯ.

ಒಂದು ಚೀಲ ರಾಗಿಹಿಟ್ಟು ಕಟ್ಟಿಕೊಂಡು ಹೊಳೆನರಸೀಪುರದಲ್ಲಿ ರೈಲು ಹತ್ತಿದೆವು.

ಮದರಾಸು

ಮದರಾಸಿನಲ್ಲಿ ಕಡಲು ನೋಡಿದೆ. ನೀರು ಜಾಸ್ತಿ, ಕುಡಿಯಲು ಬಾರದು. ಅಷ್ಟೇ ಅನಿಸಿತು.

ಹಡಗು ಹತ್ತುವ ಕಡೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಿಡುಬು ಬರದ ಹಾಗೆ ತೋಳಿಗೆ ದೇವಿ ಹಾಕಿದರು. ನಮ್ಮೂರಿನಲ್ಲಿ ದೇವಿ ಹಾಕುವವನು ಬಂದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹುಲ್ಲುಮೆದೆಯ ಹಿಂದೆ ಅಡಗುತ್ತಿದ್ದರು. ಇಲ್ಲಿ ಅಡಗಲು ಮೆದೆ ಇರಲಿಲ್ಲ.

ಸಾಮಾನು ತಪಾಸಣೆ ಮಾಡುವವನು ನಮ್ಮ ರಾಗಿಹಿಟ್ಟಿನ ಚೀಲ ಬಿಚ್ಚಿಸಿದ. ಬಣ್ಣ ನೋಡಿ ಅನುಮಾನಪಟ್ಟ. ಮೂಸಿದ. ನಸ್ಯವೋ ಏನೋ ಅಂದುಕೊಂಡು ಇನ್ನಷ್ಟು ಜೋರಾಗಿ ಮೂಸಿ ಸೀನಿದ. ಇದು ಊಟ ಅಂತ ಮಾವ ಅರವದಲ್ಲಿ ಹೇಳಿದ. ಮಣ್ಣಿನ ಬಣ್ಣದ ಊಟ ಎಲ್ಲಿಯಾದರೂ ಉಂಟೇ ಅಂತ ಅವನು ಒಪ್ಪಲಿಲ್ಲ. ಹಾಗಾದರೆ ತಿಂದು ತೋರಿಸು ಅಂದ. ಮಾವ ಒಂದು ಹಿಡಿ ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಲಾರದೆ ಕಣ್ಣು ಮೇಲೆ ಮಾಡಿದ. ಅವನು ಸಾಯುತ್ತಿದ್ದಾನೆ ಅಂದುಕೊಂಡು ಆ ಮನುಷ್ಯ ಚೀಲ ಹಿಡಿದಿಟ್ಟುಕೊಂಡ. ಮಾವ ನೀರು ಕುಡಿದು ಬದುಕಿದ ಮೇಲೆ ಬಿಟ್ಟ.

ಹಡಗು

ಹಡಗಿನ ಮೇಲುಹಲಗೆಯ ಮೇಲೆ ಚಾಪೆ ಹಾಸಿಕೊಂಡವರೇ ನಾವೆಲ್ಲ. ಚಾಪೆ ಇದ್ದಷ್ಟು ಮನೆ. ಪಕ್ಕದ ಚಾಪೆಯಲ್ಲಿ ಒಬ್ಬ ತೆಲುಗು ಹೆಂಗಸು. ಬೆಳಗ್ಗೆ ಎದ್ದವಳೇ ಚಾಪೆಯ ಮುಂದೆ ನೀರು ಚಿಮುಕಿಸಿ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಎಳೆದಳು. ಗಾಳಿಗೆ ಅದು ಆಗಲೇ ಹಾರಿಹೋಯಿತು. ನಡುನೀರಿನಲ್ಲಿ ಯಾವ ಬಾಗಿಲಿಗೆ ಇದು ಅಂತ ಮಾವನ ಕೈಲಿ ಕೇಳಿಸಿದೆ. ಮಲಗಿ ಎದ್ದ ಜಾಗವೇ ಬಾಗಿಲು ಅಂದಳಂತೆ. ಇಳಿಯುವತನಕ ದಿನಾ ಎಳೆದಳು.

ಮಾವ ಹಡಗು ಹೊರಟ ಹೊತ್ತಿನಿಂದ ವಾಂತಿ ಮಾಡಿದ. ಮಧ್ಯೆ ಮಧ್ಯೆ ತಲೆ ಎತ್ತಿ, ಚೆಲುವಿಯನ್ನು ಕರೆದುಕೊಂಡು ವಾಪಸು ಬರುವಾಗಲೂ ಹೀಗೇ ಆದರೆ ಕ್ಷಯದ ಹೆಣ್ಣು ಉಳಿಯುವುದಿಲ್ಲ ಅನ್ನುತ್ತಿದ್ದ. ಅವನ ಮನಸ್ಸಿನಲ್ಲಿ ಆಗಲೇ ಅವಳನ್ನು ಹಡಗು ಹತ್ತಿಸಿ ಆಗಿತ್ತು. ವಾಂತಿ ಮಾಡುವವನ ಜೊತೆ ವಾದ ಮಾಡಬಾರದು.

ರಂಗೂನು

ಹೊಳೆಯೊಳಗೆ ಹಡಗು ನುಗ್ಗಿತು. ದಡದಲ್ಲಿ ಗಿರಣಿಯ ಚಿಮಣಿಗಳು. ಪ್ರತಿ ಗಿರಣಿಯ ಪಕ್ಕ ಬತ್ತದ ಹೊಟ್ಟು ಸುರಿದು ಗುಡ್ಡವಾಗಿತ್ತು. ನಮ್ಮೂರ ಗಿರಣಿಯ ಹೊಟ್ಟನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಲು ಜನ ಜಗಳ ಆಡುತ್ತಾರೆ. ಇಲ್ಲಿ ಅದು ಸುಮ್ಮನೆ ಹೊಗೆಯಾಡಿಕೊಂಡು ಬಿದ್ದಿತ್ತು.

ಊರಿನೊಳಗೆ ಹೆಂಗಸರೇ ಅಂಗಡಿಯಲ್ಲಿ ಕೂತಿದ್ದರು. ಬಾಯಲ್ಲಿ ಬಾಳೆಕಾಯಿ ಗಾತ್ರದ ಚುಟ್ಟ. ಮುಖಕ್ಕೆ ಯಾವುದೋ ಮರದ ತೊಗಟೆ ತೇಯ್ದು, ಗಂಧದ ಹಾಗೆ ಬಳಿದುಕೊಂಡಿದ್ದರು. ಗಂಡಸರು ಮಗು ಎತ್ತಿಕೊಂಡು ಅವರ ಹಿಂದೆ ನಿಂತಿದ್ದರು. ಮಾವ ಅದನ್ನು ನೋಡಿ, ಈ ಊರು ಕೆಟ್ಟಿದೆ ಅಂದ. ನನಗೆ ಚೆನ್ನಾಗಿಯೇ ಕಂಡಿತು. ದಾರಿಯಲ್ಲಿ ಅಲ್ಲಲ್ಲಿ ಪುಟ್ಟ ಮಾಡು ಕಟ್ಟಿ ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರು. ನಮ್ಮಲ್ಲಿ ಅರವಟ್ಟಿಗೆ ಬೇಸಗೆಗೆ ಮಾತ್ರ. ಇಲ್ಲಿ ಮಳೆಗಾಲದಲ್ಲೂ ಇತ್ತು.

ಗಿರಣಿಯ ಸಾಲುಮನೆಗಳು ಮರದ ಕಂಬಗಳ ಮೇಲೆ ನಿಂತಿದ್ದವು. ಏಣಿ ಹತ್ತಿ ಒಳಗೆ ಹೋಗಬೇಕು. ಹತ್ತಿದೆ. ಒಲೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಅವಳು ತಿರುಗಿದಾಗ ಚೆಲುವಿ. ಇಪ್ಪತ್ತು ತುಂಬಿರಲಿಲ್ಲ ಅವಳಿಗೆ. ಕೆನ್ನೆ ಒಳಗೆ ಹೋಗಿ, ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಅತ್ತಳು. ನಾನು ಅಳಲಿಲ್ಲ. ಅವಳ ಬೆನ್ನಿಗೆ ಕಿವಿ ಇಟ್ಟು ಕೇಳಿದೆ. ಕೆಮ್ಮು ಇಲ್ಲ, ಗೊರಗೊರ ಇಲ್ಲ.

ಇವನು ಹೊಟ್ಟೆಗೆ ಹಾಕುತ್ತಿಲ್ಲ ಅಂತ ನನ್ನ ಮೊದಲ ಅನುಮಾನ. ಬೋರೇಗೌಡ ಗಿರಣಿಯಿಂದ ಬರುವುದರೊಳಗೆ ಅಕ್ಕಿಯ ಡಬ್ಬದ ಮುಚ್ಚಳ ತೆಗೆದು ನೋಡಿದೆ. ತುಂಬಿತ್ತು. ಬೇಳೆ ಇತ್ತು, ಎಣ್ಣೆ ಇತ್ತು. ಅವನು ಬಂದ ಮೇಲೆ ನೋಡಿದರೆ ಅವನೂ ಸೊರಗಿದ್ದ, ನಿದ್ದೆಗೆಟ್ಟು. ಗಿರಣಿಯ ಸಾಹೇಬರು ಇವಳನ್ನು ಊರಿಗೆ ಕಳಿಸಿಬಿಡು, ಇಲ್ಲದಿದ್ದರೆ ನೀನೂ ಮನೆ ಖಾಲಿ ಮಾಡು ಅಂದಿದ್ದರಂತೆ. ಗಿರಣಿಯಲ್ಲಿ ಔಷಧಿ ಕೊಡುವ ಕಾಂಪೌಂಡರು ದೂರದಿಂದ ನೋಡಿ, ಕ್ಷಯ ಇರಬಹುದು ಅಂದಿದ್ದನಂತೆ.

ಅವತ್ತು ರಾಗಿಮುದ್ದೆ ಮಾಡಿದೆ. ಚೆಲುವಿ ಎರಡು ವರ್ಷದಿಂದ ರಾಗಿ ಕಂಡಿರಲಿಲ್ಲ. ಒಂದು ಮುದ್ದೆ ನುಂಗಿದಳು. ಇನ್ನೊಂದು. ಮತ್ತೊಂದು. ಮಾವ ತನ್ನ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದ. ಎತ್ತು ಉಳುವಾಗಲೂ ಇಷ್ಟು ಮೇಯುವುದಿಲ್ಲ ಅಂತ ಆಮೇಲೆ ನನ್ನ ಕಿವಿಯಲ್ಲಿ ಹೇಳಿದ. ಕ್ಷಯದವರಿಗೆ ಅನ್ನ ಸೇರುವುದಿಲ್ಲ. ಇವಳು ತಿಂದಷ್ಟೂ ಒಣಗುತ್ತಿದ್ದಳು. ತಿಂದಿದ್ದು ಎಲ್ಲಿಗೆ ಹೋಗುತ್ತಿತ್ತು ಅಂತ ತಿಳಿಯಲಿಲ್ಲ.

ಪಕ್ಕದ ಮನೆ

ಪಕ್ಕದ ಮನೆಯಲ್ಲಿ ಮಾ ಮ್ಯ ಅಂತ ಬರ್ಮಾದ ಹೆಂಗಸು. ಅವಳ ಗಂಡ ಗಿರಣಿಗೆ ಬತ್ತದ ದೋಣಿ ತರುವವನು. ಚೆಲುವಿಗೆ ಮಾತಾಡಲು ಬೇರೆ ದಿಕ್ಕಿರಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ದಿನವಿಡೀ ಮಾತಾಡುತ್ತಿದ್ದರು.

ನಾವು ಹೋದ ಮಾರನೆಯ ದಿನ ಮಾ ಮ್ಯ ಬಾಳೆಎಲೆಯ ಪೊಟ್ಟಣ ತಂದಳು. ಬಂದ ನೆಂಟರಿಗೆ ಅಂತ. ಬಿಚ್ಚಿದರೆ ಅನ್ನ, ಬಾಡು, ಬೆಳ್ಳುಳ್ಳಿ ಎಲ್ಲ ಒತ್ತಿ ಕಟ್ಟಿದ ಗಟ್ಟಿ. ಹುಳಿ ವಾಸನೆ. ಚೆಲುವಿಯ ಮುಖ ಅರಳಿತು. ಅವಳು ಅದನ್ನು ತಟ್ಟೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಮುದ್ದೆ ಕಟ್ಟಿದ ಹಾಗೆ ಗುಂಡಗೆ ಮಾಡಿದಳು. ನಡುವೆ ಗುಳಿ ಮಾಡಿ ಬೇಳೆಸಾರು ಬಿಟ್ಟಳು. ಮುರಿದು, ಅದ್ದಿ, ಗುಳುಕ್ ಅಂತ ನುಂಗಿದಳು.

"ಮುದ್ದೆ ಇದ್ದಂಗೇ ಅದೆ ಕಣಕ್ಕ" ಅಂದಳು. "ರಾಗಿ ಇಲ್ದೆ ಗಂಟ್ಲು ಸತ್ತೋಗಿತ್ತು. ಇದು ಸಿಕ್ಕಿದ ಮ್ಯಾಕೆ ಜೀವ ಬಂತು."

ನಾವು ಮುದ್ದೆ ಅಗಿಯುವವರಲ್ಲ. ಅಗಿದರೆ ಹಲ್ಲಿಗೆ ಅಂಟುತ್ತದೆ, ನೋಡಿದವರು ನಗುತ್ತಾರೆ. ಚಿಕ್ಕ ಮಗುವಿಗೂ ನುಂಗುವುದನ್ನೇ ಕಲಿಸುತ್ತೇವೆ. ಚೆಲುವಿಯ ಗಂಟಲು ಎರಡು ವರ್ಷ ನುಂಗಲು ಏನೂ ಸಿಗದೆ ಕಾದಿತ್ತು. ಬಾಯಲ್ಲಿ ಇಟ್ಟುಕೊಂಡು ಅದೇನು ಅಂತ ಅವಳು ನೋಡಿದವಳೇ ಅಲ್ಲ.

ಮಾ ಮ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರು ಅದನ್ನು ಉಗುರಷ್ಟು ಉಗುರಷ್ಟು ಮುರಿದು, ಹಸಿಮೆಣಸಿನಕಾಯಿ ಕಚ್ಚಿಕೊಂಡು, ಊಟದ ಜೊತೆ ನೆಂಚಿಕೊಳ್ಳುವುದು. ನಮ್ಮವರು ಹೀಗೆ ಉಂಡೆಗಟ್ಟಲೆ ಉಣ್ಣುತ್ತಾರೆ ಅಂತ ತಿಳಿದು, ಪಾಪ, ಜಾಸ್ತಿ ಜಾಸ್ತಿ ಮಾಡಿ ತರುತ್ತಿದ್ದಳು.

ಚೆಲುವಿ ನನಗೂ ಒಂದು ಚೂರು ಕೊಟ್ಟಳು. ನಾನು ನುಂಗಲಿಲ್ಲ, ಅಗಿದೆ. ಹಲ್ಲಿಗೆ ಸಿಕ್ಕಿದ ಬಾಡು ಜಾರಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಕೆಂಪಗಿತ್ತು.

"ಬೆಂದಿಲ್ಲ ಕಣೇ ಇದು."

"ಹುಳಿ ಬಂದದಲ್ಲಕ್ಕ. ಬೇಯಿಸ್ದೇ ಇದ್ರೆ ಕೆಟ್ಟೋಗ್ತಿರ್ಲಿಲ್ವಾ?"

ಅವಳಿಗೆ ಅದು ಸರಿಯಾಗಿಯೇ ತೋರಿತ್ತು. ಹಸಿ ಬಾಡಿಗೆ ಅನ್ನ ಉಪ್ಪು ಬೆರೆಸಿ ಕಟ್ಟಿಟ್ಟು ಹುಳಿ ಬರಿಸುವುದು ಅಂತ ಆಮೇಲೆ ಮಾ ಮ್ಯ ಕೈಸನ್ನೆಯಲ್ಲಿ ತೋರಿಸಿದಳು. ನಮ್ಮಲ್ಲಿ ಬಾಡು ಅಂದರೆ ಮೂಳೆ ಬಿಡುವತನಕ ಬೇಯಬೇಕು. ಅರೆಬೆಂದಿದ್ದನ್ನು ನಾಯಿಗೂ ಹಾಕುವುದಿಲ್ಲ. ಮಾ ಮ್ಯ ಹೋದ ಮೇಲೆ ಅದನ್ನು ಎಸೆದು ಬಾಯಿ ಮುಕ್ಕಳಿಸಿ ಬಂದೆ. ಆದರೂ ಇದಕ್ಕೂ ಚೆಲುವಿ ಒಣಗುವುದಕ್ಕೂ ನಂಟು ಉಂಟು ಅಂತ ನನ್ನ ತಲೆಗೆ ಹೊಳೆಯಲಿಲ್ಲ.

ಹಿತ್ತಲು

ಚೆಲುವಿ ಬಯಲಿಗೆ ಹೋಗುವಾಗ ನನ್ನನ್ನು ಜೊತೆಗೆ ಕರೆಯುತ್ತಿರಲಿಲ್ಲ. ಊರಿನಲ್ಲಿ ಹೆಂಗಸರು ಚೆಂಬು ಹಿಡಿದು ಜೊತೆಯಲ್ಲೇ ಹೋಗುವುದು ವಾಡಿಕೆ. ಇವಳು ಕತ್ತಲಿರುವಾಗಲೇ ಒಬ್ಬಳೇ ಎದ್ದು ಹೋಗುತ್ತಿದ್ದಳು, ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು. ಒಂದು ದಿನ ನಾನು ಹಿಂದೆಯೇ ಹೋದೆ. ಬೈದಳು. ನಾನು ನಿಂತೇ ಇದ್ದೆ. ಆಗ ನೆಲದ ಕಡೆ ಬೆರಳು ತೋರಿಸಿದಳು.

ಬಿಳಿಯ ಚೂರುಗಳು. ಚಪ್ಪಟೆ, ಸೋರೆಕಾಯಿ ಬೀಜದ ಹಾಗೆ. ಒಂದಕ್ಕೊಂದು ಅಂಟಿಕೊಂಡು ಚಲ್ಲಣದ ಲಾಡಿಯ ತುಂಡಿನಂತೆ ಬಿದ್ದಿದ್ದವು.

"ಕರುಳು ಕಣಕ್ಕ" ಅಂದಳು. "ಚೂರುಚೂರಾಗಿ ಬೀಳ್ತಾ ಅದೆ. ಎಲ್ಲಾ ಬಿದ್ದೋದ ದಿನ ನಾನು ಓಗ್ಬುಡ್ತೀನಿ. ಅವರ್ಗೆ ಏಳ್ಬೇಡ."

ಆರು ತಿಂಗಳಿಂದ ಹೀಗಂತೆ. ಗಂಡನಿಗೂ ಹೇಳಿರಲಿಲ್ಲ, ಕಾಂಪೌಂಡರಿಗೂ ಹೇಳಿರಲಿಲ್ಲ. ದಿನಾ ಬೆಳಗ್ಗೆ ತನ್ನ ಕರುಳು ಎಷ್ಟು ಬಿತ್ತು ಅಂತ ನೋಡಿಕೊಂಡು, ಕೈ ಕಾಲು ತೊಳೆದು, ಬಂದು ಒಲೆ ಹಚ್ಚುತ್ತಿದ್ದಳು. ಉಳಿದ ಕರುಳು ತುಂಬಲಿ ಅಂತಲೇ ಅಷ್ಟು ತಿನ್ನುತ್ತಿದ್ದಳು.

ನಾನು ಕುರಿ ಕೊಯ್ದಾಗ ಕರುಳು ತೊಳೆದವಳು. ಕರುಳು ಕೊಳವೆ. ಇದು ಕೊಳವೆ ಅಲ್ಲ.

"ಇದು ಕರುಳಲ್ಲ. ಏನು ಅಂತ ನಂಗೂ ಗೊತ್ತಿಲ್ಲ. ಸುಮ್ನಿರು" ಅಂದೆ. ಒಂದು ತೆಂಗಿನ ಚಿಪ್ಪಿನಲ್ಲಿ ಅದನ್ನು ಕಡ್ಡಿಯಿಂದ ಎತ್ತಿಕೊಂಡು ಇನ್ನೊಂದು ಚಿಪ್ಪು ಮುಚ್ಚಿದೆ.

ಡಾಕ್ಟರ ಮನೆ

ಗಿರಣಿಗಳ ಬೀದಿಯ ಕೊನೆಯಲ್ಲಿ ಅರವದ ಡಾಕ್ಟರೊಬ್ಬರು ಇದ್ದರು. ವಯಸ್ಸಾದವರು. ಬೋರೇಗೌಡ, ಮಾವ, ಚೆಲುವಿ, ನಾನು, ನಾಲ್ವರೂ ಹೋದೆವು. ನಾನು ಚಿಪ್ಪು ಮುಂದೆ ಇಟ್ಟೆ. ಅವರು ಮುಚ್ಚಳ ತೆಗೆದು ನೋಡಿ, ಗಾಜು ಹಿಡಿದು ಇನ್ನೊಮ್ಮೆ ನೋಡಿ, ಚೆಲುವಿಯ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಎದೆಯಲ್ಲಿ ಏನೂ ಇಲ್ಲ ಅಂದರು. ಹೊಟ್ಟೆಯಲ್ಲಿ ಲಾಡಿಹುಳ ಇದೆ. ಒಂದೇ ಹುಳ, ಬಲು ಉದ್ದ. ಬೀಳುತ್ತಿರುವುದು ಅದರ ಬಾಲದ ಚೂರು.

ಚೆಲುವಿ ನೆಲದ ಮೇಲೆ ಕೂತುಬಿಟ್ಟಳು. ಕರುಳಲ್ಲ ಅಂತ ಗೊತ್ತಾಗಿದ್ದೇ ಅವಳಿಗೆ ಸಾಕಾಗಿತ್ತು.

ಆಮೇಲೆ ಡಾಕ್ಟರು ಏನು ತಿನ್ನುತ್ತೀ ಅಂತ ಕೇಳಿದರು. ಅವಳು ಪೊಟ್ಟಣದ ಬಾಡಿನ ವಿಷಯ ಹೇಳಿದಳು. ಮಾವ ಅರವದಲ್ಲಿ ಹೇಳಿದ. ಡಾಕ್ಟರು ತಲೆ ಆಡಿಸಿ ಏನೋ ಹೇಳಿದರು. ಅದನ್ನು ಮಾವ ಕನ್ನಡದಲ್ಲಿ ಹೇಳಲೇ ಇಲ್ಲ. ಬೋರೇಗೌಡನಿಗೂ ಗಿರಣಿಯ ಅರವ ತಿಳಿಯುತ್ತಿತ್ತು. ಅವನ ಮುಖ ಬೂದಿಯಾಯಿತು.

"ಏನಂದ್ರು?" ಅಂದೆ.

"ಹಂದಿ" ಅಂದ ಮಾವ.

ನಮ್ಮ ಮನೆಗಳಲ್ಲಿ ಕುರಿ, ಕೋಳಿ ನಡೆಯುತ್ತದೆ. ಬೇಟೆಯಲ್ಲಿ ಕಾಡುಹಂದಿ ಬಿದ್ದರೆ ಪಾಲು ಹಂಚಿಕೊಳ್ಳಲು ಮೊದಲು ಓಡುವವರೇ ನಮ್ಮ ಗಂಡಸರು. ಊರಹಂದಿ ಮಾತ್ರ ನಡೆಯುವುದಿಲ್ಲ. ಅದು ಅಂಗಳಕ್ಕೆ ಬಂದರೆ ಕಲ್ಲು ಹೊಡೆದು, ಅದು ನಿಂತ ಜಾಗಕ್ಕೆ ಸಗಣಿ ನೀರು ಹಾಕುತ್ತೇವೆ. ಚೆಲುವಿಗೆ ಅದು ಹಂದಿ ಅಂತ ಗೊತ್ತಿರಲಿಲ್ಲ. ಕೇಳಲು ಭಾಷೆ ಇರಲಿಲ್ಲ, ಅಗಿದು ನೋಡುವ ಅಭ್ಯಾಸ ಇರಲಿಲ್ಲ.

ನಾನು ಡಾಕ್ಟರನ್ನು ಕೇಳಿಸಿದೆ, ಅಗಿಯದೆ ನುಂಗಿದ್ದಕ್ಕೇ ಹೀಗಾಯಿತಾ ಅಂತ. ಅಗಿದರೂ ನುಂಗಿದರೂ ಹಸಿ ಹಸಿಯೇ ಅಂದರು. ಹೊಲಸು ತಿಂದ ಹಂದಿಯ ಬಾಡಿನೊಳಗೆ ಸಬ್ಬಕ್ಕಿಯಂತಹ ಕಾಳು ಕೂತಿರುತ್ತದಂತೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಹಸಿಯಾಗಿ ಹೋದರೆ ಕರುಳು ಕಚ್ಚಿಕೊಂಡು ಬೆಳೆಯುತ್ತದೆ. ಇವಳು ಹಿತ್ತಲಿನಿಂದ ಬಂದು ಸೋಪು ಹಾಕಿ ಕೈ ತೊಳೆಯದೆ ಒಲೆ ಮುಟ್ಟಬಾರದು, ಹುಳದ ಮೊಟ್ಟೆ ಬೇರೆಯವರ ಹೊಟ್ಟೆಗೆ ಹೋದರೆ ತಲೆಗೇರಿ ಮೂರ್ಛೆ ಬರಿಸುತ್ತದೆ ಅಂತಲೂ ಹೇಳಿದರು. ಔಷಧಿ ಕೊಟ್ಟರು. ಹುಳ ಎಷ್ಟುದ್ದ ಬಿದ್ದರೂ ತಲೆ ಬೀಳಬೇಕು, ತಲೆ ಒಳಗೆ ಉಳಿದರೆ ಮತ್ತೆ ಚಿಗುರುತ್ತದೆ, ತಲೆ ಸಿಕ್ಕರೆ ತಂದು ತೋರಿಸಿ ಅಂದರು.

ಅವತ್ತಿನಿಂದ ಬೋರೇಗೌಡ ಮನೆಯಲ್ಲಿ ಉಣ್ಣಲಿಲ್ಲ. ಗಿರಣಿಯ ಹತ್ತಿರದ ಊಟದ ಮನೆಯಲ್ಲಿ ಉಂಡು ಬಂದೆ ಅಂತ ಬಾಗಿಲಲ್ಲೇ ಹೇಳಿ ಮಲಗುತ್ತಿದ್ದ.

ಬೆಚ್ಚನೆ ನೀರು

ಔಷಧಿಗೆ ಹಿಂದಿನ ದಿನ ಬರೀ ಗಂಜಿನೀರು. ಬೆಳಗ್ಗೆ ಖಾಲಿ ಹೊಟ್ಟೆಗೆ ಔಷಧಿ. ಕಡುಹಸಿರು, ಮಂದ, ಕೊಳೆತ ಹುಲ್ಲಿನ ವಾಸನೆ. ಚೆಲುವಿ ಕುಡಿದು ಬಾಯಿಗೆ ಸೆರಗು ಒತ್ತಿಕೊಂಡು ಮಲಗಿದಳು. ವಾಂತಿಯಾಗಬಾರದು ಅಂತ ಡಾಕ್ಟರು ಹೇಳಿದ್ದರು. ಆಮೇಲೆ ಭೇದಿಗೆ ಉಪ್ಪಿನ ಔಷಧಿ. ಬಕೀಟಿನಲ್ಲಿ ಬೆಚ್ಚನೆ ನೀರು ಹಾಕಿ ಅದರ ಮೇಲೆ ಕೂರಿಸಬೇಕು. ತಣ್ಣೀರು ತಗುಲಿದರೆ ಹುಳ ಮೈ ಸೆಟೆದು ತುಂಡಾಗುತ್ತದಂತೆ. ನಾನು ಬಾಣಂತಿಗೆ ನೀರು ಕಾಯಿಸಿದ ಹಾಗೆ ಕಾಯಿಸಿ ಕಾಯಿಸಿ ಸುರಿದೆ. ಎಳೆಯಬೇಡ, ತಾನಾಗಿ ಬರಲಿ ಅಂತ ಅವಳ ಕೈ ಹಿಡಿದುಕೊಂಡು ಕೂತೆ. ಅವಳು ನನ್ನ ಮಣಿಕಟ್ಟಿನಲ್ಲಿ ಉಗುರು ಇಳಿಸಿದಳು.

ಬಂತು. ನನ್ನ ಸೀರೆಯ ಅರ್ಧ ಉದ್ದ ಇತ್ತು.

ಇನ್ನು ತಲೆ ಹುಡುಕಬೇಕು. ನೀರು ಸೋಸಲು ತೆಳ್ಳನೆ ಬಟ್ಟೆ ಬೇಕಾಯಿತು. ನನ್ನ ಸೀರೆಗಳೆಲ್ಲ ದಪ್ಪ ನೂಲಿನವು. ಮಾವನ ಹೆಗಲಿಂದ ಅಂಗವಸ್ತ್ರ ಎಳೆದುಕೊಂಡೆ. ಯಾಕೆ ಅಂತ ಅವನು ಕೇಳುವುದರೊಳಗೆ ಬಕೀಟಿನ ಮೇಲೆ ಹಾಸಿ ಆಗಿತ್ತು. ಅವನು ಅದನ್ನು ಮತ್ತೆ ಹಾಕಲಿಲ್ಲ. ಹೆಗಲು ಖಾಲಿ ಖಾಲಿಯಾಗಿದೆ ಅಂತ ಊರು ಸೇರುವತನಕ ಗೊಣಗಿದ.

ಲಾಡಿ ಒಂದು ಕಡೆ ಅಗಲ, ಬರುತ್ತಾ ಬರುತ್ತಾ ಸಣ್ಣ, ಕೊನೆಗೆ ಹೊಲಿಗೆ ದಾರದಷ್ಟು. ನಾನು ಕರಿಯ ಬಾಣಲೆಯಲ್ಲಿ ನೀರು ಹಾಕಿ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ದಾರ ಹರಿದಿತ್ತು. ತುದಿಯಲ್ಲಿ ಏನೂ ಇರಲಿಲ್ಲ. ಚೆಲುವಿ ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೋರೇಗೌಡ ಅವತ್ತು ಕೆಲಸಕ್ಕೆ ಹೋಗದೆ ಏಣಿಯ ಮೇಲೆ ಕೂತಿದ್ದ. ಸಿಕ್ಕಿತಾ ಅಂತ ಒಂದು ಸಲ ಕೇಳಿದ, ಆಮೇಲೆ ಕೇಳಲಿಲ್ಲ.

ಅಂಗವಸ್ತ್ರದ ಮೇಲೆ ಉಳಿದಿದ್ದನ್ನು ಮತ್ತೆ ಮತ್ತೆ ತೊಳೆದು, ಬಾಣಲೆಗೆ ಜಾಲಿಸಿದೆ. ನಮ್ಮ ಮನೆಗಳಲ್ಲಿ ರಾಗಿಯಲ್ಲಿ ಕಲ್ಲು ಉಳಿದರೆ ಬೈಗುಳ ತಿನ್ನುವವಳು ಹೆಂಗಸು. ಹಾಗಾಗಿ ಚಿಕ್ಕದನ್ನು ನೋಡುವ ಕಣ್ಣು ಎಲ್ಲರಿಗೂ ಇರುತ್ತದೆ. ಬಿಸಿಲು ಏಣಿಯಿಂದ ಒಳಕ್ಕೆ ಬಂದ ಹೊತ್ತಿಗೆ ಬಾಣಲೆಯ ತಳದಲ್ಲಿ ಒಂದು ತುಂಡು ದಾರ ಕಂಡಿತು. ಅದರ ತುದಿಗೆ ರಾಗಿಕಾಳಿಗಿಂತ ಚಿಕ್ಕ ಗುಬುಟು.

ಡಾಕ್ಟರಿಗೆ ತೋರಿಸಿದೆವು. ಅವರು ಗಾಜಿನಲ್ಲಿ ನೋಡಿ, ನಮಗೂ ತೋರಿಸಿದರು. ತಲೆಯ ಸುತ್ತ ಕೊಕ್ಕೆಗಳು. ಅಷ್ಟು ಚಿಕ್ಕ ತಲೆಯಲ್ಲೂ ಕೀಳುಗುಣಕ್ಕೆ ಜಾಗ ಇತ್ತು. ಮುಗಿಯಿತು, ಚೆನ್ನಾಗಿ ಊಟ ಹಾಕಿ ಅಂದರು. ಕ್ಷಯ ಅಲ್ಲ ಅಂತ ಗಿರಣಿಯವರಿಗೆ ತಾವೇ ಹೇಳುವುದಾಗಿ ಒಪ್ಪಿಕೊಂಡರು.

ಎಲ್ಲ ಸರಿಹೋಯಿತು ಅಂತ ನಾನು ಅಂದುಕೊಂಡೆ. ಸಂಜೆ ಬೋರೇಗೌಡ ಮಾವನ ಎದುರು ಬಂದು ಕೂತ.

"ಮಾವ, ವಾಸಿ ಆಯ್ತಲ್ಲ, ಸಂತೋಸ. ಆದ್ರೂ ಕರಕೊಂಡೋಗಿ."

ಮಾವ ನೆಲ ನೋಡಿದ. ಅವನಿಗೂ ಅದೇ ಸರಿ ಅನಿಸಿತ್ತು.

"ಯಾಕೆ?" ಅಂದೆ.

"ಹಂದಿ ತಿಂದವ್ಳೆ ಅತ್ತಿಗೆ. ಒಂದ್ ದಿನ ಅಲ್ಲ, ವರ್ಸಾನುಗಟ್ಲೆ. ಅವಳ ಕೈಲಿ ಎಂಗೆ ಉಣ್ಲಿ? ನಮ್ಮವ್ವಂಗೆ ಗೊತ್ತಾದ್ರೆ ಏನಂದಾಳು?"

"ನಿಮ್ಮವ್ವಂಗೆ ಯಾರು ಏಳ್ತಾರೆ?"

"ಯಾರೂ ಏಳಕ್ಕಿಲ್ಲ. ನಂಗೆ ಗೊತ್ತಲ್ಲ."

ನಾನು ಮಾವನ ಕಡೆ ತಿರುಗಿ, ಕಾಡುಹಂದಿ ತಿಂದು ಮೂಳೆ ಚೀಪಿದವನು ನೀನು, ಇದು ಅದಕ್ಕೆ ದಾಯಾದಿ ಅಂದೆ. ಅದು ಸೊಪ್ಪು ತಿನ್ನುತ್ತದೆ, ಇದು ಹೊಲಸು ತಿನ್ನುತ್ತದೆ ಅಂದ.

ಚೆಲುವಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ನಾನು ಹೋಗಿ ಕೂತಾಗ ಅಳುತ್ತಿರಲಿಲ್ಲ.

"ಅಕ್ಕ, ನಾನು ಬರಕ್ಕಿಲ್ಲ" ಅಂದಳು. "ಅಲ್ಲಿ ಅಣ್ಣನ ಒಲೆ, ಅತ್ತಿಗೆ ಒಲೆ. ಇಲ್ಲಿ ನನ್ ಒಲೆ."

ಸಂತೆ

ಮಾರನೆಯ ಬೆಳಗ್ಗೆ ನಾನು ಮಾ ಮ್ಯಳ ಏಣಿ ಹತ್ತಿ, ಅವಳ ಬುಟ್ಟಿ ಎತ್ತಿ ಅವಳ ಕೈಗೆ ಕೊಟ್ಟು, ಸಂತೆಯ ಕಡೆ ಕೈ ತೋರಿಸಿದೆ. ಇಬ್ಬರೂ ಹೋದೆವು. ಬಾಡಿನ ಸಾಲಿನಲ್ಲಿ ಹಂದಿ ತೂಗುಹಾಕಿದ ಕಡೆ ನಿಂತು ಬೆರಳು ಚಾಚಿದೆ. ಮಾ ಮ್ಯ ನನ್ನ ಮುಖ ನೋಡಿದಳು. ನಾನು ಇನ್ನೊಂದು ಸಲ ಚಾಚಿದೆ. ಅವಳೇ ಒಳ್ಳೆಯ ತುಂಡು ನೋಡಿ ಕೊಡಿಸಿದಳು.

ಬಿಸಿನೀರಿನಲ್ಲಿ ತೊಳೆದು, ಚಿಕ್ಕದಾಗಿ ಕೊಚ್ಚಿದೆ. ಕೊತ್ತಂಬರಿ, ಮೆಣಸಿನಕಾಯಿ, ಚಕ್ಕೆ, ಲವಂಗ ಹುರಿದು ಕಾಯಿ ಹಾಕಿ ಅರೆದೆ. ಮಡಕೆಯಲ್ಲಿ ಒಲೆಯ ಮೇಲೆ ಇಟ್ಟು ಗಿರಣಿಯ ಮಧ್ಯಾಹ್ನದ ಕೂಗು ಆಗುವತನಕ ಕುದಿಸಿದೆ. ಒಂದೊಂದು ತುಂಡನ್ನೂ ಒಡೆದು ನೋಡಿದೆ. ಎಲ್ಲೂ ಕೆಂಪಿರಲಿಲ್ಲ. ಮಾ ಮ್ಯಳಿಗೆ ಒಂದು ಬಟ್ಟಲು ಕಳಿಸಿದೆ. ಸೋಪು ಹಾಕಿ ಕೈ ತೊಳೆದುಕೊಂಡು, ಅನ್ನದ ಜೊತೆ ಮೊದಲು ನಾನು ತಿಂದೆ. ಬಾಡಿನ ಹಾಗೆಯೇ ಇತ್ತು.

ಘಮಕ್ಕೆ ಮಾವ ಬಂದು ಕೂತ. ಯಾವ ಬಾಡು ಅಂದ. ಇಂಥದು ಅಂತ ಹೇಳಿದೆ. ಎದ್ದ. ಏಣಿಯತನಕ ಹೋದ. ಅಲ್ಲಿ ನಿಂತು ಹೊಳೆ ನೋಡಿದ. ತಿರುಗಿ ಬಂದ.

"ಬೆಂದದಾ?"

"ಮೂಳೆ ಬಿಟ್ಟದೆ."

"ಹಾಕು ಅಂಗಾರೆ" ಅಂದ.

ಬೋರೇಗೌಡ ಊಟದ ಬಿಡುವಿಗೆ ಬಟ್ಟೆ ಬದಲಾಯಿಸಲು ಬಂದವನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ನಾನು ಅವನಿಗೆ ತಟ್ಟೆ ಹಾಕಿದೆ.

"ನಾನೂ ತಿಂದೆ, ಮಾವನೂ ತಿಂತಾವ್ನೆ" ಅಂದೆ. "ಕರಕೊಂಡೋಗೋಕೆ ಬಂದೋರೆಲ್ಲಾ ಹಂದಿ ತಿಂದೋರೇ. ಗೊತ್ತಿರೋದು ನಿಮಗೊಬ್ಬರಿಗೇ ಅಲ್ಲ ಈಗ. ಕೂತ್ಕಳಿ ಗೌಡ್ರೆ."

ಅವನು ಮಾವನ ತಟ್ಟೆ ನೋಡಿದ. ಮಾವ ಚಪ್ಪರಿಸುತ್ತಿದ್ದ. ಬೋರೇಗೌಡ ಹೋಗಿ ಕೈ ತೊಳೆದು ಬಂದ. ನಾನು ಸೌಟು ಚೆಲುವಿಯ ಕೈಗೆ ಕೊಟ್ಟೆ. ಅವಳು ಅವನ ತಟ್ಟೆಗೆ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟುಕೊಂಡು, ನಿಧಾನವಾಗಿ, ಬಹಳ ನಿಧಾನವಾಗಿ ಅಗಿದ.

"ಉಪ್ಪು ಕಮ್ಮಿ" ಅಂದ ಅವಳಿಗೆ.

ಅವಳು ಉಪ್ಪು ತರಲು ಎದ್ದಳು. ನಾನು ಹುಳದ ಬಾಣಲೆಯನ್ನು ಇನ್ನೊಮ್ಮೆ ಉಜ್ಜಲು ಕೂತೆ.